ಕೈ ಸಡಿಲ ಬಿಟ್ಟರೆ ಸ್ವಿಂಗ್ ಸಲೀಸು

ಹೋದ ಸಂಚಿಕೆಯಲ್ಲಿ ಗಾಲ್ಫ್ ಬಗ್ಗೆ ಏನು ಬೇಕಾದರೂ ಕೇಳಿ ಎಂದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೊತ್ತು ಬಂದಿವೆ: ಇದ್ದಬದ್ದ ಶಕ್ತಿ ಹಾಕಿ ಹೊಡೆದರೂ ಚೆಂಡು ಮುಂದೆ ಹೋಗುವುದಿಲ್ಲ, ಪಕ್ಕದಲ್ಲಿ ಹೊಟ್ಟೆ ಬಂದ ಯಜಮಾನರೊಬ್ಬರು ಆರಾಮಾಗಿ ಬೀಸಿ ನಮ್ಮನ್ನು ದಾಟಿಸಿ ಕಳಿಸುತ್ತಾರೆ, ಏನಿದರ ಗುಟ್ಟು? ಹಾಗಾಗಿ ಈ ಸಲ ಬೇರೆ ವಿಷಯ ಎತ್ತುವುದಿಲ್ಲ. ನಾನು ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಆಟಗಾರರ ಬ್ಯಾಗ್ ಹೊತ್ತು, ಆಮೇಲೆ ಬಹಳ ವರ್ಷ ಕಲಿಸಿ, ಈಗ ಊರಿಗೆ ಬಂದು ಮಾಜಾಳಿಯಲ್ಲಿ ಕೂತವನು. ಕಂಡದ್ದನ್ನು ಹೇಳ್ತೇನೆ. ಎಡಗೈಯವರು ನಾನು ಬಲ ಎಂದಲ್ಲಿ ಎಡ ಎಂದು ಓದಿಕೊಳ್ಳಿ.

ಚೆಂಡು ಇಲ್ಲದೆ ಬೀಸಿದರೆ ನನ್ನ ಸ್ವಿಂಗ್ ನೋಡಿ ಗೆಳೆಯರೇ ಹೊಗಳುತ್ತಾರೆ. ಚೆಂಡು ಇಟ್ಟ ಕೂಡಲೇ ಮೈಯೆಲ್ಲ ಬಿಗಿ. ಎರಡೂ ನಾನೇನಾ ಅಂತ ಸಂಶಯ ಬರುತ್ತದೆ. — ಸರ್ಕಾರಿ ನೌಕರ, ಕಾರವಾರ

ಎರಡೂ ನೀವೇ. ಖಾಲಿ ಬೀಸು ಚೆನ್ನಾಗಿದೆ ಅಂದರೆ ಸ್ವಿಂಗ್ ನಿಮ್ಮ ಮೈಯಲ್ಲಿ ಇದೆ ಅಂತಲೇ ಅರ್ಥ. ಅದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಚೆಂಡು ಇಟ್ಟಾಗ ಆಗುವುದು ಇಷ್ಟೇ: ಅಲ್ಲಿಯವರೆಗೆ ಬೀಸುತ್ತಿದ್ದವರು ಈಗ ಹೊಡೆಯಲಿಕ್ಕೆ ಹೊರಡುತ್ತೀರಿ. ಕ್ಲಬ್, ಅಂದರೆ ಹೊಡೆಯುವ ಕೋಲು, ಎಲ್ಲಿ ಮುಗಿಯಬೇಕು ಅನ್ನುವುದು ಮರೆತುಹೋಗಿ ಚೆಂಡೇ ಕೊನೆಯ ನಿಲ್ದಾಣ ಆಗಿಬಿಡ್ತದೆ.

ಒಂದು ಲೆಕ್ಕ ನೋಡಿ. ನಿಯಮದ ಪ್ರಕಾರ ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ. ಅದಕ್ಕೂ ಕ್ಲಬ್ಬಿನ ಮುಖಕ್ಕೂ ಸಂಪರ್ಕ ಇರುವುದು ಸೆಕೆಂಡಿನ ಎರಡು ಸಾವಿರ ಪಾಲಿನಲ್ಲಿ ಸುಮಾರು ಒಂದು ಪಾಲು. ತಾಗಿತು ಅಂತ ಕೈಗೆ ಗೊತ್ತಾಗುವ ಹೊತ್ತಿಗೆ ಚೆಂಡು ಹೋಗಿ ಆಗಿರ್ತದೆ. ಆ ಗಳಿಗೆಯಲ್ಲಿ ನೀವು ಹಲ್ಲು ಕಚ್ಚಿ ಕೊಡುವ ಜೋರು ಚೆಂಡಿಗೆ ತಲುಪುವುದೇ ಇಲ್ಲ. ತಲುಪುವುದು ಕ್ಲಬ್ಬಿನ ತಲೆ ಅಷ್ಟರೊಳಗೆ ಗಳಿಸಿದ ವೇಗ ಮಾತ್ರ. ಬಿಗಿದ ಮಣಿಕಟ್ಟು ಆ ವೇಗಕ್ಕೇ ಬ್ರೇಕ್ ಹಾಕ್ತದೆ.

ಮಾಡಿ ನೋಡಲಿಕ್ಕೆ ಎರಡು ಕೆಲಸ ಹೇಳ್ತೇನೆ. ಮೊದಲನೆಯದಕ್ಕೆ ಡ್ರೈವರನ್ನು, ಅಂದರೆ ಎಲ್ಲಕ್ಕಿಂತ ದೂರ ಹೊಡೆಯುವ ಉದ್ದ ಕ್ಲಬ್ಬನ್ನು, ತಲೆಕೆಳಗು ಮಾಡಿ, ತಲೆಯ ಹತ್ತಿರ ಶಾಫ್ಟ್ (ಕ್ಲಬ್ಬಿನ ದಂಡ) ಹಿಡಿದು ಬೀಸಿ. ‘ಸುಂಯ್’ ಅಂತ ಸದ್ದು ಬರ್ತದೆ. ಎಲ್ಲಿ ಬರ್ತದೆ ಅಂತ ಕಿವಿಗೊಟ್ಟು ಕೇಳಿ. ಅವಸರದವರಿಗೆ ಅದು ಬಲ ಭುಜದ ಹತ್ತಿರವೇ ಕೇಳಿಸಿ, ಚೆಂಡು ಇರಬೇಕಾದ ಜಾಗಕ್ಕೆ ಬರುವಾಗ ಸತ್ತುಹೋಗಿರ್ತದೆ. ಸದ್ದನ್ನು ಎಡಗಾಲಿನ ಮುಂದಕ್ಕೆ ಒಯ್ಯಿರಿ. ಹೇಗೆ ಅಂತ ನಾನು ಹೇಳುವುದಿಲ್ಲ, ಕಿವಿಯೇ ಕಲಿಸ್ತದೆ.

ಎರಡನೆಯದಕ್ಕೆ ನಮ್ಮ ಊರಿನಲ್ಲಿ ಪುಕ್ಕಟೆ ಸಿಗುವ ಶಾಲೆ ಇದೆ. ಸಮುದ್ರ ಇಳಿತದಲ್ಲಿದ್ದಾಗ ನೀರು ಆಗಷ್ಟೇ ಬಿಟ್ಟುಹೋದ ಗಟ್ಟಿ ಮರಳಿನ ಮೇಲೆ ನಿಲ್ಲಿ. ಕ್ಲಬ್ಬಿನ ಹಿಡಿಯ ತುದಿಯಿಂದ ಒಂದು ಗೆರೆ ಎಳೆಯಿರಿ. ಗೆರೆ ಎರಡು ಪಾದಗಳ ನಡುವೆ ಬರಲಿ. 7 ಐರನ್ (ಮಧ್ಯಮ ದೂರಕ್ಕೆ ಬಳಸುವ ಕ್ಲಬ್) ಹಿಡಿದು ಅಡಿಭಾಗ ಮರಳಿಗೆ ಸವರುವ ಹಾಗೆ ಬೀಸಿ. ಗುರುತು ಗೆರೆಯ ಮೇಲೇ ಶುರುವಾಗಿ ಗುರಿಯ ಕಡೆಗೆ, ಅಂದರೆ ಎಡಕ್ಕೆ, ತೆಳ್ಳಗೆ ನಾಲ್ಕು ಬೆರಳು ಹೋದರೆ ಸರಿ. ಗೆರೆಗೆ ಮೊದಲೇ ಬಲಗಡೆ ಗುಂಡಿ ಬಿದ್ದಿದ್ದರೆ ಮೈಭಾರ ಬಲಗಾಲಿನಲ್ಲೇ ಉಳಿದಿದೆ, ಕೈ ಮಾತ್ರ ಮುಂದೆ ಓಡಿದೆ. ಗುರುತೇ ಬೀಳದಿದ್ದರೆ ಭುಜ ಬಿಗಿದು ತೋಳು ಮೇಲಕ್ಕೆ ಸೆಳೆದುಕೊಂಡಿದೆ. ಚೆಂಡು ಹೊಡೆದಾಗ ಹತ್ತು ಸುಳ್ಳು ಹೇಳಬಹುದು, ಗಾಳಿಯ ಮೇಲೆ ಹಾಕಬಹುದು. ಒದ್ದೆ ಮರಳಿನ ಹತ್ತಿರ ಅದು ನಡೆಯುವುದಿಲ್ಲ. ಗುರುತು ಹದಕ್ಕೆ ಬಂದ ಮೇಲೆ ಗೆರೆಯ ಮೇಲೆ ಚೆಂಡು ಇದೆ ಅಂತ ಅಂದುಕೊಂಡು ಬೀಸಿ. ಅಂದುಕೊಂಡರೇ ಸಾಕು, ಕೆಲವರಿಗೆ ಗುಂಡಿ ಮತ್ತೆ ಬಲಕ್ಕೆ ಜಾರ್ತದೆ! ಅಲ್ಲಿಂದ ನಿಮ್ಮ ನಿಜವಾದ ಅಭ್ಯಾಸ ಶುರು.

ಎರಡು ಎಚ್ಚರಿಕೆ. ಬೀಚಿನಲ್ಲಿ ನಿಜವಾದ ಚೆಂಡು ಬೇಡವೇ ಬೇಡ. ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಬೆಳಿಗ್ಗೆ ವಾಕಿಂಗಿನವರು, ಸಂಜೆ ಮಕ್ಕಳು. ಕ್ಲಬ್ ಬೀಸಲಿಕ್ಕೂ ಜನ ಇಲ್ಲದ ಜಾಗ ನೋಡಿಕೊಳ್ಳಿ. ಮತ್ತೆ ಮನೆಗೆ ಬಂದ ತಕ್ಷಣ ಸಿಹಿನೀರಿನಲ್ಲಿ ಕ್ಲಬ್ ತೊಳೆದು ಒರೆಸಿ. ಉಪ್ಪು ಯಾರನ್ನೂ ಬಿಡುವುದಿಲ್ಲ.

ಅಡಿಕೆ ತೋಟದವನು ನಾನು. ಕತ್ತಿ, ಗುದ್ದಲಿ ಹಿಡಿದು ಬೆಳೆದ ಕೈ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಮಗ ನನಗಿಂತ ದೂರ ಹೊಡೆಯುತ್ತಾನೆ. ನನ್ನ ತೋಳಿನ ಬಲ ಎಲ್ಲಿ ಹೋಗುತ್ತದೆ? — ಹೆಗಡೆ, ಶಿರಸಿ ತಾಲೂಕು

ಹೆಗಡೇರೇ, ಬಲ ಎಲ್ಲಿಗೂ ಹೋಗಿಲ್ಲ, ಹಿಡಿಯಲ್ಲೇ ಕೂತಿದೆ. ಕತ್ತಿ ಹಿಡಿದ ಕೈ ಬಿಗಿ ಹಿಡಿಯಲೇಬೇಕು, ಇಲ್ಲದಿದ್ದರೆ ಕಾಲಿಗೇ ಬೀಳ್ತದೆ. ಕ್ಲಬ್ಬಿಗೆ ಆ ಹಿಡಿತ ಹಾಕಿದರೆ ಮಣಿಕಟ್ಟು ಒಣ ಕಟ್ಟಿಗೆ.

ಎಡಗೈಯಲ್ಲಿ ಹಿಡಿ ಅಂಗೈಗೆ ಅಡ್ಡ ಮಲಗಬಾರದು. ಕಿರುಬೆರಳಿನ ಬುಡದಿಂದ ತೋರುಬೆರಳಿನ ನಡುಗೆಣ್ಣಿನವರೆಗೆ ಓರೆಯಾಗಿ, ಬೆರಳುಗಳಲ್ಲಿ ಇರಬೇಕು. ಹಿಡಿತ ಕೊನೆಯ ಮೂರು ಬೆರಳುಗಳದ್ದು. ಬಲಗೈಯಲ್ಲಿ ನಡುವಿನ ಎರಡು ಬೆರಳು ಸಾಕು; ಹೆಬ್ಬೆರಳು, ತೋರುಬೆರಳು ಸುಮ್ಮನೆ ಜೊತೆಗಿರಲಿ. ಬಲ ಕಿರುಬೆರಳನ್ನು ಎಡಗೈಯ ಬೆರಳ ಮೇಲೆ ಕೂರಿಸುವ ಹಿಡಿತಕ್ಕೆ ಹ್ಯಾರಿ ವಾರ್ಡನ್ ಹೆಸರೇ ಉಳಿದಿದೆ. 1896ರಿಂದ 1914ರ ನಡುವೆ ಬ್ರಿಟಿಷ್ ಓಪನ್ ಆರು ಸಲ ಗೆದ್ದವನು ಅವನು. ಆ ದಾಖಲೆಯನ್ನು ಇಂದಿಗೂ ಯಾರೂ ಮುಟ್ಟಿಲ್ಲ. ಹಿಡಿದ ಮೇಲೆ ಮಣಿಕಟ್ಟಿನಿಂದಲೇ ಗಾಳಿಯಲ್ಲಿ ನಿಮ್ಮ ಹೆಸರು ಬರೆಯಿರಿ. ಬರೆಯಲಿಕ್ಕೆ ಆಗದಿದ್ದರೆ ಇನ್ನೂ ಬಿಗಿ ಇದೆ. ಇಡೀ ಡ್ರೈವರ್ ತೂಗಿದರೆ 300 ಗ್ರಾಮಿಗಿಂತ ಸ್ವಲ್ಪ ಹೆಚ್ಚು, ಅದರಲ್ಲಿ ಸುಮಾರು 200 ಗ್ರಾಂ ತಲೆಯದ್ದೇ. ಆ ತಲೆಯ ಭಾರ ಬೆರಳಿಗೆ ಗೊತ್ತಾಗುತ್ತಿರಬೇಕು.

ಇನ್ನು ದೂರದ ಮಾತು. ನೀವು ಘಟ್ಟದ ಮೇಲಿನವರು, ಬೀಸುಬಲೆ ಹಾಕುವುದನ್ನು ಹತ್ತಿರದಿಂದ ಕಂಡಿರಲಿಕ್ಕಿಲ್ಲ. ಕೆಳಗೆ ಇಳಿದಾಗ ಕಾಳಿ ನದಿಯ ಅಳಿವೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಬಲೆಯ ಅಂಚಿನಲ್ಲಿ ಸೀಸದ ಗುಂಡುಗಳಿರ್ತವೆ, ಒದ್ದೆಯಾದಾಗ ಒಳ್ಳೇ ಭಾರ. ಹಾಕುವವನು ಅದನ್ನು ತೋಳಿನಿಂದ ಎಸೆಯುವುದಿಲ್ಲ. ಮೊದಲು ಮೊಣಕಾಲು ಸ್ವಲ್ಪ ಬಾಗ್ತದೆ, ಸೊಂಟ ಹಿಂದಕ್ಕೆ ತಿರುಗ್ತದೆ. ಆಮೇಲೆ ಪಾದ ಊರಿ ಸೊಂಟ ಮುಂದಕ್ಕೆ ಬರ್ತದೆ, ಎದೆ ಹಿಂಬಾಲಿಸ್ತದೆ, ಕೈ ಎಲ್ಲದಕ್ಕಿಂತ ಕೊನೆಗೆ ಬಂದು ಸುಮ್ಮನೆ ಬಿಟ್ಟುಬಿಡ್ತದೆ. ಬಲೆ ದುಂಡಗೆ ಬಿಚ್ಚಿಕೊಂಡು ಬೀಳ್ತದೆ. ಕೈ ಮೊದಲು ಓಡಿದರೆ ಬಲೆ ಗಂಟಾಗಿ ದೊಪ್ಪೆಂದು ಕಾಲಬುಡದಲ್ಲಿ.

ಗಾಲ್ಫಿನಲ್ಲೂ ಸರದಿ ಅದೇ. ಪಾದ, ಸೊಂಟ, ಎದೆ, ತೋಳು, ಕಡೆಗೆ ಕ್ಲಬ್. ಒಂದೊಂದೂ ತನ್ನ ವೇಗವನ್ನು ಮುಂದಿನದಕ್ಕೆ ಕೊಟ್ಟು ತಾನು ಕಡಿಮೆಯಾಗ್ತದೆ. ಚೆನ್ನಾಗಿ ಆಡುವವರಲ್ಲಿ ಕೈ ಇನ್ನೂ ಮೇಲೆ ಹೋಗುತ್ತಿರುವಾಗಲೇ ಸೊಂಟ ಕೆಳಗಿನಿಂದ ಮುಂದಕ್ಕೆ ಹೊರಟಿರ್ತದೆ. ದಕ್ಷಿಣ ಆಫ್ರಿಕಾದ ಅರ್ನಿ ಎಲ್ಸ್ ಎಂಬ ಆಜಾನುಬಾಹು ಆಟಗಾರನಿಗೆ ‘ಬಿಗ್ ಈಸಿ’ ಅಂತಲೇ ಅಡ್ಡಹೆಸರು. ಸೋಮಾರಿ ಸ್ವಿಂಗ್ ಅನ್ನಿಸ್ತದೆ, ನಾಲ್ಕು ಮೇಜರ್, ಅಂದರೆ ಗಾಲ್ಫಿನ ಅತಿ ದೊಡ್ಡ ಟೂರ್ನಿಗಳನ್ನು, ಗೆದ್ದ ಸ್ವಿಂಗ್ ಅದು. ಅವನು ಶ್ರಮ ಪಡುವುದಿಲ್ಲ ಅಂತಲ್ಲ. ಶ್ರಮವೆಲ್ಲ ಕಾಲು ಸೊಂಟದಲ್ಲಿ ಆಗಿಹೋಗಿರ್ತದೆ, ನಮ್ಮ ಕಣ್ಣು ಮಾತ್ರ ಕೈ ನೋಡುತ್ತಿರ್ತದೆ. ತೋಟದಲ್ಲಿ ದಿನವಿಡೀ ಏರಿ ಇಳಿದ ಕಾಲು ನಿಮ್ಮದು. ಮಗನ ಹತ್ತಿರ ಅದು ಎಲ್ಲಿ ಬರಬೇಕು? ಕಾಲಿಗೆ ಕೆಲಸ ಕೊಡಿ.

ಅಭ್ಯಾಸ ಬೇಕಾದರೆ ಎರಡೂ ಪಾದ ಜೋಡಿಸಿ ನಿಂತು ಮುಕ್ಕಾಲು ಸ್ವಿಂಗ್ ಮಾಡಿ. ತೋಳಿನ ಜೋರು ಬಂದ ತಕ್ಷಣ ಮುಗ್ಗರಿಸ್ತೀರಿ.

ಒಂದು ಬಿಯರ್ ಕುಡಿದು ಆಡಿದರೆ ಮೈ ಸಡಿಲ ಆಗುತ್ತದಂತೆ, ಹೌದೇ? — ಓದುಗ, ಕಾರವಾರ

ಮೈ ಸಡಿಲ ಆಗ್ತದೆ, ಸ್ಕೋರ್ ಬರೆಯುವ ಕೈಯೂ ಸಡಿಲ ಆಗ್ತದೆ. ಎರಡನೆಯದು ಜೊತೆಗೆ ಆಡುವವರಿಗೆ ಸೇರಲಿಕ್ಕಿಲ್ಲ.

‘ನಿಧಾನವಾಗಿ ಎತ್ತಿ’ ಎಂದು ಎಲ್ಲ ವಿಡಿಯೋಗಳಲ್ಲೂ ಹೇಳುತ್ತಾರೆ. ನಾನು ಬಹಳ ನಿಧಾನ ಎತ್ತುತ್ತೇನೆ. ಮೇಲೆ ಹೋದ ಮೇಲೆ ಏನೋ ಆಗಿ ಜರ್ಕ್ ಹೊಡೆಯುತ್ತದೆ. — ಪ್ರೌಢಶಾಲೆ ಶಿಕ್ಷಕಿ, ಕುಮಟಾ

ಅಕ್ಕೋರೇ, ಆ ನಿಧಾನವೇ ಜರ್ಕಿಗೆ ಕಾರಣ. ಅತಿ ನಿಧಾನ ಎತ್ತಿದರೆ ಕ್ಲಬ್ಬನ್ನು ಸ್ನಾಯುಗಳು ಹೊತ್ತುಕೊಂಡೇ ಹೋಗಬೇಕು, ಮೇಲೆ ತಲುಪುವಾಗ ತೋಳು ದಣಿದು ಬಿಗಿದಿರ್ತದೆ. ಕೆಳಗೆ ಬರಲಿಕ್ಕೆ ವೇಗವೇ ಇಲ್ಲ, ಎಲ್ಲವನ್ನೂ ಒಮ್ಮೆಲೇ ಹುಟ್ಟಿಸಬೇಕು. ಅಲ್ಲೇ ಎಳೆತ.

ವೃತ್ತಿಪರರ ಸ್ವಿಂಗುಗಳನ್ನು ವಿಡಿಯೋ ಫ್ರೇಮ್ ಲೆಕ್ಕದಲ್ಲಿ ಅಳೆದವರು ಕಂಡದ್ದು ಬೇರೆ. ಹಿಂದಕ್ಕೆ ಎತ್ತುವ ಹೊತ್ತು, ಕೆಳಗೆ ಚೆಂಡಿಗೆ ಬರುವ ಹೊತ್ತಿನ ಸುಮಾರು ಮೂರು ಪಟ್ಟು. ಮುಕ್ಕಾಲು ಸೆಕೆಂಡ್ ಮೇಲಕ್ಕೆ, ಕಾಲು ಸೆಕೆಂಡ್ ಕೆಳಕ್ಕೆ, ಆಸುಪಾಸು. ಒಬ್ಬರದು ಚುರುಕು, ಒಬ್ಬರದು ಸಾವಕಾಶ. ಆದರೆ ಮೂರಕ್ಕೆ ಒಂದು ಅನ್ನುವ ಪ್ರಮಾಣ ಹೆಚ್ಚು ಕದಲುವುದಿಲ್ಲ. ಇಡೀ ವ್ಯವಹಾರ ಒಂದು ಸೆಕೆಂಡಿನಲ್ಲಿ ಮುಗಿದುಹೋಗ್ತದೆ, ನೋಡಿದವರಿಗೆ ಮಾತ್ರ ಅವಸರವೇ ಇಲ್ಲ ಅನ್ನಿಸ್ತದೆ.

ಹಾಗಾಗಿ ‘ಒಂದ್ ಎರಡ್ ಮೂರ್’ ಅಂತ ಎತ್ತಿ, ‘ನಾಲ್ಕ್’ ಅನ್ನುವಾಗ ಕ್ಲಬ್ ಚೆಂಡಿನ ಜಾಗದಲ್ಲಿರಲಿ. ನಾಲ್ಕೂ ಅಂಕಿ ಸಮವಾಗಿ ಬರಬೇಕು. ಪಿಟಿ ಪಿರಿಯಡ್ಡಿನಲ್ಲಿ ಎಣಿಸುವ ವೇಗ ಇದಕ್ಕೆ ಸಾಲದು. ಬಾಯಿ ಬಿಟ್ಟು ಎಣಿಸಿ, ಇನ್ನೊಂದು ಲಾಭ ಇದೆ: ಮಾತಾಡುತ್ತಾ ಇರುವವರಿಗೆ ಉಸಿರು ಹಿಡಿಯಲಿಕ್ಕೂ ಆಗುವುದಿಲ್ಲ, ದವಡೆ ಕಚ್ಚಲಿಕ್ಕೂ ಆಗುವುದಿಲ್ಲ. ಎತ್ತುವ ಮೊದಲು ಕಲ್ಲಿನ ಮೂರ್ತಿಯಾಗಿ ನಿಲ್ಲಬೇಡಿ. ಕ್ಲಬ್ಬನ್ನು ಹಿಂದೆ ಮುಂದೆ ಎರಡು ಸಲ ಅಲ್ಲಾಡಿಸಿ, ಮೈಭಾರವನ್ನು ಒಂದು ಪಾದದಿಂದ ಇನ್ನೊಂದಕ್ಕೆ ಬದಲಿಸಿ, ಆ ಚಲನೆಯಿಂದಲೇ ಹೊರಡಿ.

ತಲೆ ಸ್ವಲ್ಪವೂ ಅಲುಗಾಡಬಾರದು, ಕಣ್ಣು ಚೆಂಡಿನ ಮೇಲೇ ಇರಬೇಕು ಎನ್ನುತ್ತಾರಲ್ಲ? — ಓದುಗ, ಹೊನ್ನಾವರ

ಗಾಲ್ಫಿನಲ್ಲಿ ಇಷ್ಟು ಜನರ ಕುತ್ತಿಗೆ ಬಿಗಿಸಿದ ಉಪದೇಶ ಇನ್ನೊಂದಿಲ್ಲ. ಹತ್ತು ಮೇಜರ್ ಗೆದ್ದ ಸ್ವೀಡನ್ನಿನ ಆಟಗಾರ್ತಿ ಅನಿಕಾ ಸೋರೆನ್‌ಸ್ಟಾಮ್ ಅವರ ಸ್ವಿಂಗ್ ನೋಡಿ. ಕ್ಲಬ್ ಚೆಂಡಿಗೆ ತಾಗುವ ಮೊದಲೇ ಅವರ ಮುಖ ಗುರಿಯ ಕಡೆ ತಿರುಗಲು ಶುರುವಾಗಿರ್ತದೆ. 2001ರಲ್ಲಿ ಹದಿನೆಂಟು ಕುಳಿಗಳ ಒಂದು ಸುತ್ತನ್ನು 59 ಹೊಡೆತಗಳಲ್ಲಿ ಮುಗಿಸಿದ್ದೂ ಅದೇ ತಲೆ. ತಲೆ ಮೇಲೆ ಕೆಳಗೆ ಕುಪ್ಪಳಿಸದಿದ್ದರೆ ಸಾಕು, ತಿರುಗುವುದಾದರೆ ತಿರುಗಲಿ.

ಮಗಳಿಗೆ ಹನ್ನೊಂದು ವರ್ಷ, ತೆಳ್ಳಗಿದ್ದಾಳೆ. ರಜೆಯಲ್ಲಿ ಮಾವನ ಮನೆಗೆ ಹೋದಾಗ ಗಾಲ್ಫ್ ಹುಚ್ಚು ಹತ್ತಿಸಿಕೊಂಡು ಬಂದಿದ್ದಾಳೆ. ಶಕ್ತಿ ಬರುವವರೆಗೆ ಕಾಯಬೇಕೇ? ಮಾವ ತನ್ನ ಹಳೆಯ ಕ್ಲಬ್ ಕತ್ತರಿಸಿ ಕೊಡುತ್ತೇನೆ ಎನ್ನುತ್ತಾನೆ. — ತಾಯಿ, ಸಿದ್ದಾಪುರ

ಕಾಯಬೇಡಿ ತಂಗಿ, ಕತ್ತರಿಸಲೂ ಬೇಡಿ. ದೊಡ್ಡವರ ಕ್ಲಬ್ ಕತ್ತರಿಸಿದರೆ ಉದ್ದ ಮಾತ್ರ ಕಡಿಮೆ ಆಗ್ತದೆ, ತಲೆ ಅಷ್ಟೇ ಭಾರ, ಶಾಫ್ಟ್ ಇನ್ನಷ್ಟು ಗಡಸು. ಅದನ್ನು ಎಳೆದಾಡಿ ಮಗು ಕಲಿಯುವುದು ಗುದ್ದುವುದನ್ನೇ. ಮಕ್ಕಳದ್ದೇ ಹಗುರ ಕ್ಲಬ್ ಎರಡು ಸಾಕು, ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಒಂದು, ಐರನ್ ಒಂದು. ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ.

ಕಲಿಸುವುದನ್ನು ಕುಳಿಯಿಂದ ಹಿಂದಕ್ಕೆ ಕಲಿಸಿ. ಕುಳಿಯ ಅಗಲ 108 ಮಿಲಿಮೀಟರ್. ಅಂಗಳದಲ್ಲಿ ಅಷ್ಟಗಲದ ಡಬ್ಬಿ ಹೂತು ಮೂರು ಅಡಿಯಿಂದ ಹಾಕಲಿ. ಆಮೇಲೆ ಹತ್ತು ಅಡಿ, ಆಮೇಲೆ ಚೆಂಡನ್ನು ಸ್ವಲ್ಪ ಎತ್ತಿ ಹಾಕುವುದು. ಹೀಗೆ ಚಿಕ್ಕ ಬೀಸು ತಾನೇ ದೊಡ್ಡದಾಗ್ತಾ ಹೋಗ್ತದೆ, ಬಿಗಿ ಕಲಿಯಲಿಕ್ಕೆ ಸಂದರ್ಭವೇ ಬರುವುದಿಲ್ಲ.

ಶಕ್ತಿಯ ಮಾತಿಗೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಇದ್ದಾರಲ್ಲ. 2016ರ ರಿಯೋ ಒಲಿಂಪಿಕ್ಸ್‌ಗೆ ಹೋದಾಗ ವಯಸ್ಸು ಹದಿನೆಂಟು, ಬ್ಯಾಗ್ ಹೊತ್ತವರು ಅಪ್ಪ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬ್ಯಾಗ್ ಹೊತ್ತವರು ಅಮ್ಮ. ಅಲ್ಲಿ ನಾಲ್ಕನೇ ಸ್ಥಾನ; ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ಅವರೊಡನೆ ಆಡಿದವರಲ್ಲಿ ಎಷ್ಟೋ ಮಂದಿ ಅವರಿಗಿಂತ ಬಹಳ ದೂರ ಹೊಡೆಯುವವರು. ಅದಿತಿಯ ಬಂಡವಾಳ ನೇರ ಹೊಡೆತ ಮತ್ತು ಪಟರ್. ಮಗಳಿಗೆ ಆ ನಾಲ್ಕನೇ ದಿನದ ಆಟದ ವಿಡಿಯೋ ತೋರಿಸಿ. ಬ್ಯಾಗ್ ಹೊರುವ ತಯಾರಿ ನೀವು ಮಾಡಿಕೊಳ್ಳಿ!

ವಯಸ್ಸು ಅರವತ್ತೇಳು. ‘ಸೊಂಟ ಕದಲಿಸದೆ ಭುಜ ಪೂರ್ತಿ ತಿರುಗಿಸಿ’ ಎಂದು ಒಬ್ಬ ತರಬೇತುದಾರರು ಹೇಳಿದಂತೆ ಮಾಡಿ ಬೆನ್ನು ಹಿಡಿದುಕೊಂಡಿದೆ. — ನಿವೃತ್ತರು, ಅಂಕೋಲಾ

ಇಪ್ಪತ್ತೈದರ ಹುಡುಗನಿಗೆ ಹೇಳುವ ಮಾತನ್ನು ನಿಮಗೆ ಹೇಳಿದ್ದಾರೆ. ಸೊಂಟ ಬಿಗಿಹಿಡಿದು ಭುಜ ತಿರುಗಿಸಿದರೆ ಆ ತಿರುಚು ಪೂರಾ ಬೆನ್ನಿನ ಕೆಳಭಾಗದ ಮೇಲೆ ಬೀಳ್ತದೆ.

ಕ್ಲಬ್ ಎತ್ತುವಾಗ ಎಡ ಹಿಮ್ಮಡಿ ನೆಲ ಬಿಟ್ಟು ಏಳಲಿ. ಆಗ ಸೊಂಟ ಸಲೀಸಾಗಿ ತಿರುಗ್ತದೆ, ಭುಜ ಅದರ ಜೊತೆ ಹೋಗ್ತದೆ. ಇದು ಮುದುಕರಿಗೆ ಕೊಟ್ಟ ರಿಯಾಯಿತಿ ಅಂತ ತಿಳಿಯಬೇಡಿ. ಅಮೆರಿಕದ ಜಾಕ್ ನಿಕ್ಲಾಸ್ ಹರೆಯದಲ್ಲೂ ಹಿಮ್ಮಡಿ ಎತ್ತಿಯೇ ಆಡಿದವರು, ಹದಿನೆಂಟು ಮೇಜರ್ ಗೆದ್ದವರು. ಕೊನೆಯದನ್ನು, 1986ರ ಮಾಸ್ಟರ್ಸ್, ನಲವತ್ತಾರನೇ ವಯಸ್ಸಿನಲ್ಲಿ ಗೆದ್ದರು. ಕೆಳಗೆ ಬರುವಾಗ ಎತ್ತಿದ ಹಿಮ್ಮಡಿಯನ್ನು ನೆಲಕ್ಕೆ ಊರಿ. ಆ ಊರುವುದೇ ಇಡೀ ಸ್ವಿಂಗಿಗೆ ಚಾಲನೆ, ಬೇರೆ ಏನೂ ಯೋಚನೆ ಮಾಡುವುದು ಬೇಡ. ಬಲ ಪಾದದ ತುದಿಯನ್ನು ಸ್ವಲ್ಪ ಹೊರಗೆ ತಿರುಗಿಸಿ ನಿಲ್ಲಿ, ಕ್ಲಬ್ಬನ್ನು ಮುಕ್ಕಾಲು ಎತ್ತರಕ್ಕೆ ನಿಲ್ಲಿಸಿ. ನೀವು ಬಳಸುವ ಕ್ಲಬ್ಬುಗಳ ಶಾಫ್ಟ್ ಮೇಲೆ ‘ಸ್ಟಿಫ್’ ಅಂತ ಬರೆದಿದ್ದರೆ ಅದನ್ನು ಮಗನಿಗೋ ಅಳಿಯನಿಗೋ ಕೊಟ್ಟು ‘ರೆಗ್ಯುಲರ್’ ಅಥವಾ ‘ಸೀನಿಯರ್’ ಶಾಫ್ಟಿನದು ತೆಗೆದುಕೊಳ್ಳಿ. ಗಡಸು ಶಾಫ್ಟಿನಿಂದ ಚೆಂಡು ಏಳಿಸಲಿಕ್ಕೆ ಮೈ ಹಿಂಡಬೇಕಾಗ್ತದೆ.

ಇದೆಲ್ಲ ನೋವು ಕಡಿಮೆಯಾದ ಮೇಲೆ. ನೋವು ಕಾಲಿಗೆ ಇಳಿಯುತ್ತಿದ್ದರೆ ಅಥವಾ ಜೋಮು ಬರುತ್ತಿದ್ದರೆ ನನಗೆ ಪತ್ರ ಬರೆಯಬೇಡಿ, ಮೂಳೆ ಡಾಕ್ಟರನ್ನು ಕಾಣಿ.

ಹತ್ತಿರದಲ್ಲಿ ಕೋರ್ಸ್ ಇಲ್ಲ, ಮೇಲಿಂದ ನಾಲ್ಕು ತಿಂಗಳು ಮಳೆ. ಅಭ್ಯಾಸ ಹೇಗೆ? — ಓದುಗ, ಯಲ್ಲಾಪುರ

ಹೊಡೆಯಬೇಕು ಅನ್ನಿಸಿದಾಗ ಕಾರವಾರದಿಂದ ಉತ್ತರಕ್ಕೆ ಗೋವಾದ ಕಾಣಕೋಣ ಕಡೆಯ ರೆಸಾರ್ಟ್, ದಕ್ಷಿಣಕ್ಕೆ ಮಂಗಳೂರಿನ ಪಿಲಿಕುಳ. ಹೋಗುವ ಮೊದಲು ಫೋನ್ ಮಾಡಿ, ಹೊರಗಿನವರಿಗೆ ಅವಕಾಶ ಇದೆಯೋ ಕೇಳಿಕೊಳ್ಳಿ.

ಮಳೆಗಾಲಕ್ಕೆ ಜಗುಲಿಯೇ ಸಾಕು. ಸ್ನಾನದ ಟವೆಲ್ಲಿನ ಒಂದು ತುದಿಗೆ ಗಂಟು ಹಾಕಿ, ಇನ್ನೊಂದು ತುದಿಯನ್ನು ಕ್ಲಬ್ ಹಿಡಿದ ಹಾಗೆ ಹಿಡಿದು ಬೀಸಿ. ಮೇಲೆ ಹೋದಾಗ ಗಂಟು ಬೆನ್ನಿಗೆ ಬಂದು ಬಡಿಯುವವರೆಗೆ ಕಾಯಿರಿ, ಆಮೇಲೆ ಕೆಳಗೆ ಬನ್ನಿ. ಕಾಯದೆ ಕೈಯಿಂದ ಎಳೆದರೆ ಟವೆಲ್ ಮಡಚಿ ಬೀಳ್ತದೆ. ಕಾಯುವುದು ಮೈಗೆ ಹತ್ತಿದ ಮೇಲೆ ಕಣ್ಣು ಮುಚ್ಚಿ ಬೀಸಿ. ಪಾದ ಏನು ಮಾಡುತ್ತಿದೆ ಅಂತ ಆಗ ಚೆನ್ನಾಗಿ ತಿಳೀತದೆ. ಕ್ಲಬ್ ಹಿಡಿದು ಒಳಗೆ ಬೀಸುವುದಾದರೆ ಫ್ಯಾನ್ ರೆಕ್ಕೆ, ಟ್ಯೂಬ್‌ಲೈಟ್ ನೋಡಿಕೊಳ್ಳಿ. ಮನೆಯವರ ಸಹಕಾರ ಇಲ್ಲದೆ ಯಾವ ಸ್ವಿಂಗೂ ಸುಧಾರಿಸುವುದಿಲ್ಲ.

ಇಲ್ಲಿಯ ಸೆಖೆಗೆ ಅಂಗೈ ಬೆವರಿ ಕ್ಲಬ್ ಜಾರುತ್ತದೆ. ನೀವು ಸಡಿಲ ಹಿಡಿಯಿರಿ ಎನ್ನುತ್ತೀರಿ. ಕ್ಲಬ್ ಚೆಂಡಿಗಿಂತ ದೂರ ಹೋದರೆ? — ಓದುಗ, ಕಾರವಾರ

ಸರಿಯಾದ ಪ್ರಶ್ನೆ. ಜಾರುವ ಹಿಡಿಯನ್ನು ಸಡಿಲ ಹಿಡಿಯಿರಿ ಅಂದರೆ ಯಾವ ಕೈಯೂ ಕೇಳುವುದಿಲ್ಲ. ಕರಾವಳಿಯಲ್ಲಿ ಬಿಗಿ ಹಿಡಿಯುವವರಲ್ಲಿ ಅರ್ಧಕ್ಕರ್ಧ ಜನರ ತೊಂದರೆ ಸ್ವಿಂಗಿನಲ್ಲಿ ಇಲ್ಲ, ರಬ್ಬರಿನಲ್ಲಿದೆ. ಬೆವರು, ಎಣ್ಣೆ, ಧೂಳು ಕೂತು ಗ್ರಿಪ್ಪು ನುಣುಪಾಗಿರ್ತದೆ. ಉಗುರುಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಗ್ರಿಪ್ ತಿಕ್ಕಿ. ನೀರು ಶಾಫ್ಟಿನ ಒಳಗೆ ಇಳಿಯದ ಹಾಗೆ ನೋಡಿಕೊಂಡು ನೆರಳಲ್ಲಿ ಒಣಗಿಸಿ. ತಿಕ್ಕಿದ ಮೇಲೂ ಹೊಳೆಯುತ್ತಿದ್ದರೆ ಅದರ ಆಯುಷ್ಯ ಮುಗಿದಿದೆ, ಬದಲಾಯಿಸಿ. ಹೊಸದು ಹಾಕಿಸುವಾಗ ಹತ್ತಿ ನೂಲು ಬೆರೆತ ‘ಕಾರ್ಡ್’ ಗ್ರಿಪ್ ಕೇಳಿ; ಮುಟ್ಟಲಿಕ್ಕೆ ಒರಟು, ಬೆವರಿಗೆ ಒಳ್ಳೆಯದು. ಚರ್ಮದ ಗ್ಲೌಸ್ ತೊಯ್ದರೆ ಜಾರ್ತದೆ, ಮಳೆಗೆಂದೇ ಮಾರುವ ಬಟ್ಟೆಯ ಗ್ಲೌಸ್ ತೊಯ್ದಷ್ಟೂ ಹಿಡೀತದೆ. ಜೊತೆ ಎರಡಿರಲಿ, ಒಂದು ಕೈಯಲ್ಲಿ, ಒಂದು ಬ್ಯಾಗಿಗೆ ಸಿಕ್ಕಿಸಿ ಒಣಗಲಿ. ಮತ್ತೆ ಸೊಂಟಕ್ಕೆ ಒಂದು ಪಂಚೆ ತುಂಡು ಸಿಕ್ಕಿಸಿಕೊಳ್ಳಿ, ಪ್ರತಿ ಹೊಡೆತಕ್ಕೆ ಮೊದಲು ಕೈಯನ್ನೂ ಹಿಡಿಯನ್ನೂ ಒರೆಸಿಕೊಳ್ಳಲಿಕ್ಕೆ.